ಉಳಿದದ್ದರಲ್ಲಿ ಒಂದು ಪಾಲು

ತಿಕೋಟಾ ದಾಟಿ ಎರಡು ಮೈಲಿಗೆ, ದಿಬ್ಬದ ಮೇಲೆ
ಗೋಡೆಯಿಲ್ಲದ ಶೆಡ್ಡು. ಹಸಿರು ಬಲೆಯ ಹನ್ನೊಂದು ಅಂತಸ್ತು.
ಮಾರ್ಚಿನ ಗಾಳಿ ಒಳಗೆ ಬರುವಾಗ ಬರಿಗೈ,
ಹೊರಗೆ ಹೋಗುವಾಗ ಒದ್ದೆ.

ಕಾಲೇಜಿನ ತಕ್ಕಡಿ ತಂದಿದ್ದೆ, ನೂರು ಪುಟದ ನೋಟುಬುಕ್ಕು.
ಹದಿನೇಳನೆಯ ತಟ್ಟೆಗೆ ಕೆಂಪು ದಾರ ಕಟ್ಟಿ
ಹತ್ತು ಕಿಲೋ ದ್ರಾಕ್ಷಿ ಹರವಿಸಿದೆ.
‘ದಿನಾ ತೂಗಿ ತೂಗಿ ಏನ್ ನೋಡ್ತೀರಿ ಬಾಯಾರ?
ಹೆಬ್ಬಟ್ಟಿಲೆ ಒತ್ತಿದ್ರ ತಿಳೀತೈತಿ,’ ಅಂದಳು ದುಂಡವ್ವ,
ಮೂವತ್ತು ಸುಗ್ಗಿ ಒಣಗಿಸಿದ ಹೆಬ್ಬೆಟ್ಟು ತೋರಿಸಿ.

ಒಂದೇ ನಿಯಮ ಅಂದೆ:
ಇವತ್ತು ಹೋಗುವುದು
ಇವತ್ತು ಉಳಿದಿರುವುದರ ಒಂದು ಪಾಲು.
ಹತ್ತು ಕಿಲೋದಲ್ಲಿ ನೀರು ಎಂಟು.
ಮೊದಲ ದಿನ ಐದರಲ್ಲೊಂದು ಪಾಲು ಹಾರಿತು.
ಮರುದಿನವೂ ಐದರಲ್ಲೊಂದೇ, ಆದರೆ ಎಂಟರದ್ದಲ್ಲ,
ಉಳಿದ ಆರು ಚಿಲ್ಲರೆಯದ್ದು.
ಗಾಳಿಯ ಹಸಿವು ಅಷ್ಟೇ ಇರುತ್ತದೆ,
ತುತ್ತು ಸಣ್ಣದಾಗುತ್ತ ಹೋಗುತ್ತದೆ.

‘ಹಂಗಾರ ಪೂರಾ ಒಣಗೂದು ಎಂದ?’
ಪೂರಾ ಎಂಬುದು ಈ ಲೆಕ್ಕದಲ್ಲಿಲ್ಲ.
ಹದಿನಾಲ್ಕನೆಯ ದಿನ ನಾವೇ ಸಾಕು ಅನ್ನುತ್ತೇವೆ.

ಆ ಗೆರೆ ಸಿಕ್ಕಮೇಲೆ ನನಗೆ ಹುಚ್ಚು.
ಬಸ್‌ಸ್ಟ್ಯಾಂಡಿನ ಚಹ ಬಸಿಯಲ್ಲಿ ಆರುವುದೂ ಇದೇ ಗೆರೆ.
ಗುಮ್ಮಟದೊಳಗೆ ಹುಡುಗರು ಕೂಗಿದ ಹೆಸರು
ಸುತ್ತಿ ಸುತ್ತಿ ಬರುವಾಗ ಪ್ರತಿ ಸಲ
ಗೋಡೆ ತನ್ನ ಪಾಲಿನ ಸುಂಕ ಹಿಡಿದುಕೊಳ್ಳುವುದೂ,
ದುಂಡವ್ವ ನುಂಗಿದ ಬಿಪಿ ಗುಳಿಗೆ
ರಾತ್ರಿಯಿಡೀ ನೆತ್ತರಿನಲ್ಲಿ ಇಳಿಯುವುದೂ.
ಒಂದೇ ಕೀಲಿಗೆ ಇಷ್ಟು ಬಾಗಿಲು ತೆರೆದರೆ
ಕೀಲಿಯ ಮೇಲೆಯೇ ಅನುಮಾನ ಬರಬೇಕು.
ನನಗೆ ಬರಲಿಲ್ಲ.

ಒಂದು ಮುಂಜಾನೆ ಬೇರೆ ಗೆರೆ ಕಂಡಿತು ನಿಜ.
‘ಕೂಲಿ ಇಪ್ಪತ್ತು ಹೆಚ್ಚು ಮಾಡ್ತಾರಂತ’:
ಎಂಟಕ್ಕೆ ಇಬ್ಬರಿಗೆ ಗೊತ್ತು, ಚಹಕ್ಕೆ ಹನ್ನೊಂದು ಮಂದಿಗೆ,
ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ಮೂವತ್ತೆಂಟು.
ಆಮೇಲೆ ಸುದ್ದಿ ಕುಂಟಿತು.
ಸುಳ್ಳೆಂದು ತಿಳಿದು ಅಲ್ಲ,
ಹೇಳಲು ಹೊಸ ಕಿವಿ ಸಿಗದೆ.
ಹಾಸ್ಟೆಲಿನಲ್ಲಿ ಕಣ್ಣುಬೇನೆ ಹಬ್ಬಿದ್ದೂ ಹೀಗೇ.

ಮಧ್ಯಾಹ್ನದ ನೆರಳಿನಲ್ಲಿ ದುಂಡವ್ವ ಕೇಳಿದಳು,
‘ಸಿಟ್ಟಿಗೂ ಲೆಕ್ಕ ಐತೇನ್ರಿ?’
ತಂಗಿಯ ಮೇಲೆ ಒಂಬತ್ತು ವರ್ಷದ್ದು,
ಒಂದು ಹಿತ್ತಾಳೆ ಕೊಡದ ಸಲುವಾಗಿ.
‘ಮೊದಲ ವರ್ಷದಾಗ ಅರ್ಧ ಹೋತು.
ಮ್ಯಾಲ ಅರ್ಧದಾಗ ಅರ್ಧ.
ಈಗ ಇಷ್ಟಽ ಐತಿ, ಬೀಜದಷ್ಟು.
ಆದರ ನುಂಗಾಕ ಹೋದ್ರ ಹಲ್ಲಿಗಿ ಸಿಗತೈತಿ.’
ನಾನು ಬರೆದುಕೊಳ್ಳಲು ಪೆನ್ನು ತೆಗೆದೆ.
ಅವಳು ನಕ್ಕಳು; ನಾನು ಪೆನ್ನು ಇಟ್ಟೆ.

ಒಂಬತ್ತನೆಯ ದಿನ ಚುಕ್ಕೆ ತಪ್ಪಿತು.
ಮೂರು ಕಿಲೋ ಎಪ್ಪತ್ತು ಗ್ರಾಂ ಇರಬೇಕಿತ್ತು.
ಇದ್ದದ್ದು ನೂರ ನಲವತ್ತು ಕಡಿಮೆ.
ತಕ್ಕಡಿ ಒರೆಸಿದೆ, ಮತ್ತೆ ತೂಗಿದೆ, ಗಾಳಿಯನ್ನು ಬೈದೆ.
ಬಿಸಿಲು ಜಾಸ್ತಿಯೇನೋ ಎಂದು
ಹೊಸದೊಂದು ಪದ ಸೂತ್ರದೊಳಗೆ ತುರುಕಿದೆ.
ಹದಿನಾರು, ಹದಿನೆಂಟನೆಯ ತಟ್ಟೆಗಳು
ಏನೂ ಅರಿಯದವರಂತೆ ಗೆರೆಯ ಮೇಲೆಯೇ ಕೂತಿದ್ದವು.

ಕೆಳಗೆ ನೋಡಿದರೆ ಕೆಂಪು ದಾರ ಹಿಡಿದು ಆಡುತ್ತಿದ್ದ
ದುಂಡವ್ವನ ಮೊಮ್ಮಗ,
ನಾಲ್ಕು ವರ್ಷದ ಮುದುಕಪ್ಪ.
ಗಲ್ಲ ಎರಡೂ ಉಬ್ಬಿವೆ, ಗದ್ದದ ಮೇಲೆ ಅಂಟು.
‘ಇದ ತಟ್ಟಿ ಯಾಕೋ?’
‘ದಾರ ಐತೆಲ್ಲ,’ ಅಂದ.

ನಾನೇ ಕಟ್ಟಿದ ದಾರ.

ಪ್ರಬಂಧ ಅಚ್ಚಾಗಿದೆ. ಗೆರೆ ನುಣುಪಾಗಿದೆ,
ಕೆಳಗೆ ಬಿದ್ದ ಒಂಟಿ ಚುಕ್ಕೆಯ ಪಕ್ಕ
‘ಅಳತೆಯ ದೋಷ’ ಎಂಬ ಅಡಿಟಿಪ್ಪಣಿ.
ನೋಟುಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನದು ಬೇರೆ ಇದೆ:
ಮುದುಕಪ್ಪ, ನೂರ ನಲವತ್ತು ಗ್ರಾಂ.
ಹನ್ನೊಂದರಂದು ಮತ್ತೆ, ಅರವತ್ತು.