ಐದನೇ ಜೇಬು

ಜೀನ್ಸ್ ಪ್ಯಾಂಟಿಗೆ ಜೇಬು ಐದು.
ಐದನೇದು ಬಲಗಡೆ, ದೊಡ್ಡ ಜೇಬಿನ ಮಡಿಲಾಗೆ
ಕೂಸು ಕುಂತಂಗೆ ಕುಂತಿರ್ತೈತೆ.
ಅದನ್ನ ಹೊಲಿಯೋನು ನಾನು,
ಬಳ್ಳಾರಿ ಕೌಲ್ ಬಜಾರಿನ ತಗಡಿನ ಶೆಡ್ಡಿನಾಗೆ,
ಒಂದಕ್ಕೆ ಅರವತ್ತು ಪೈಸೆ.
ಕರೆಂಟ್ ಇದ್ದರೆ ದಿನಕ್ಕೆ ಎಂಟುನೂರು.
ಅದರಾಗೆ ಯಾರು ಏನಿಡ್ತಾರೋ ಗೊತ್ತಿಲ್ಲ.
ನನ್ನದರಾಗೆ ಕೈ ಹಾಕಿದ್ರೆ ನೂಲಿನ ಚೂರು.

ಮಾರೆಕ್ಕನ ಚೀಟಿ, ಐವತ್ತು ಸಾವಿರದ್ದು.
ಮೂರನೇ ತಿಂಗಳಿಗೇ ಕೂಗಿದೆ.
ಎದುರಿನೋನು ಹದಿನಾಲ್ಕಕ್ಕೆ ನಿಂತಿದ್ದ.
ಹದಿನಾಲ್ಕೂವರೆ ಬಿಡ್ತೀನಿ ಅಂದಿದ್ರೆ ಸಾಕಿತ್ತು,
ಹದಿನಾರು ಅಂದೆ.
ಎಲ್ಲರೂ ನನ್ನ ಕಡೆ ತಿರುಗಿದ್ರಲ್ಲ, ಅದಕ್ಕೆ.

ಉಳಿದ ಮೂವತ್ತನಾಲ್ಕರಾಗೆ
ಹಳೇ ಓವರ್‌ಲಾಕ್ ಮಷೀನು ತರಬೇಕಿತ್ತು.
ಗಡಿಗಿ ಚನ್ನಪ್ಪ ಸರ್ಕಲ್ಲಿನಾಗೆ ಮಿರ್ಚಿ ತಿಂತಾ ನಿಂತಿದ್ದೆ.
ಪಂಪಾಪತಿ ಬಂದ, ಹೆಗಲ ಮೇಲೆ ಕೈ ಹಾಕಿದ,
"ಏನ್ ಸಾವ್ಕಾರ" ಅಂದ.

ಹದಿನೆಂಟು ವರ್ಷ ಮಷೀನು ತುಳಿದೀನಿ.
ಏ ಅಂದಾರೆ, ಲೇ ಅಂದಾರೆ,
ಜೇಬಿನೋನೇ ಅಂತ ಕೂಗ್ಯಾರೆ.
ಈ ಮಾತು ಯಾರೂ ಅಂದಿರಲಿಲ್ಲ.
ಹನ್ನೆರಡು ಸಾವಿರ ಎಣಿಸಿ ಕೊಟ್ಟೆ.
ಕಾಗದ ಬರೆಸ್ಕಳ್ಳಲಿಲ್ಲ, ಸಾಕ್ಷಿ ಕರೀಲಿಲ್ಲ.
ಅವನು ಕೇಳಿದ್ದು ಎಂಟೇ.

ಮಷೀನಿಗೆ ಉಳಿದದ್ದು ಸಾಲಲಿಲ್ಲ,
ಅದೂ ಇದೂ ಅಂತ ಕರಗಿತು.
ಸುಂಕಮ್ಮಗೆ ಮಾತ್ರ
ದುಡ್ಡು ಮಾಲೀಕರ ಹತ್ರ ಐತೆ ಅಂದೆ.
ಅವಳು ಅಕ್ಕಿ ಡಬ್ಬಿ ಹಿಂದಿಂದ ತೆಗೆತೆಗೆದು
ಹದಿನೇಳು ತಿಂಗಳು ಕಂತು ಕಟ್ಟಿದ್ಲು,
ಒಂದು ಸಲನೂ ತಪ್ಪಿಸದೆ.
ಗೊತ್ತಾದ ದಿನ ಬೈಲಿಲ್ಲ.
ಹಾಲಿನ ಲೆಕ್ಕದ ಪುಸ್ತಕ ತೆರೆದು
ಪೆನ್ನು ಹಿಡ್ಕಂಡು ಕುಂತ್ಲು:
"ದುಡ್ಡು ಹೋತು, ಬರ್ಕಂತೀನಿ.
ಸುಳ್ಳು ಹೇಳಿದ್ಯಲ್ಲ,
ಅದನ್ನ ಯಾವ ಕಡೆ ಬರೀಲಿ?"

ಮೋತಿ ಸರ್ಕಲ್ಲಿನಾಗೆ ಒಂದಿನ ಪಂಪಾಪತಿ ಕಂಡ,
ಹೊಸ ಅಂಗಿ, ಕಬ್ಬಿನ ಹಾಲಿನ ಗ್ಲಾಸು.
ನಾನು ಬಸ್ಸಿನ ಹಿಂದೆ ಸರಿದು ನಿಂತೆ.
ಕೊಟ್ಟೋನು ನಾನು,
ಮುಖ ಮರೆಸಿದೋನೂ ನಾನೇ.
ಬಸ್ಸು ಹೋತು. ನಾನು ಹಂಗೇ ನಿಂತಿದ್ದೆ.

ತಪ್ಪು ಹೊಲಿಗೆ ಬಿಚ್ಚೋದು ನನಗೆ ಬರ್ತೈತೆ.
ಬ್ಲೇಡಿನ ಮೂಲೆಯಿಂದ ಒಂದೊಂದೇ ನೂಲು.
ಬಟ್ಟೆ ಹರಿಯಲ್ಲ, ಆದ್ರೆ ಸಾಲಾಗಿ ತೂತು ಉಳೀತಾವೆ.
ವಾಶ್ ಆದ ಮೇಲೆ ಬಿಚ್ಚಿದ್ರಂತೂ
ಮಡಿಕೆ ಇದ್ದ ಜಾಗ ಕಡುನೀಲಿ,
ಸುತ್ತಲಿಂದೆಲ್ಲ ಮಾಸಿದ್ರೂ ಅದೊಂದು ಗೆರೆ
ಹೊಸದರಂಗೆ ನೋಡ್ತಿರ್ತೈತೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.
ನನ್ನ ಕಾಲು ಹಾಸಿಗೆಯಾಗೇ ಇತ್ತು.
ಹೊರಗೆ ಚಾಚಿದ್ದು ಕಿವಿ.

ಮೊನ್ನೆ ಪಕ್ಕದ ಮಷೀನಿನ ಹುಡುಗ ದಾದಾಪೀರ,
ಮೊದಲನೇ ಬೋನಸ್ಸು, ಕಣ್ಣಾಗೆ ಅಂಗಡಿ ಅಂಗಡಿ.
"ಅಣ್ಣಾ, ಗೆಳೆಯ ಒಬ್ಬ ಕೈಗಡ ಕೇಳ್ಯಾನೆ, ಕೊಡ್ಲಾ?"
ಹೇಳಬೇಕಾದ್ದು ರಗಡು ಇತ್ತು.
ಮಷೀನು ನಿಲ್ಲಿಸಿ ಒಂದೇ ಕೇಳಿದೆ:
"ಕೇಳೋಕೆ ಮೊದಲು ನಿನಗೆ ಏನಂದ?"
ಹುಡುಗ ನಕ್ಕ. ಆಮೇಲೆ ನಗಲಿಲ್ಲ.

ನಾನೇನು ಪೂರ್ತಿ ಕಲಿತೋನಲ್ಲ.
ಯಾರಾದ್ರೂ ಸಾವ್ಕಾರ ಅಂದ್ರೆ
ಈಗಲೂ ಕೈ ತಾನಾಗೇ ಜೇಬಿಗೆ ಹೋಗ್ತೈತೆ.
ಹೋಗೋದು ಐದನೇದಕ್ಕೆ.
ಅದರಾಗೆ
ಎರಡು ಬೆರಳಷ್ಟೇ ಹಿಡಿಸೋದು.