ಜ್ವರ ಬಿಟ್ಟ ದಿನ

ಮೀನು ತೂಗುವ ತಕ್ಕಡಿಯ ಕೊಕ್ಕೆಗೆ
ಚೌಕುಳಿ ಕ್ರಮಾ ಬಿಗಿದು ಮಗಳನ್ನು ತೂಗಿದೆ.
ಹದಿನೇಳು ಕಿಲೋ.
ಹುರುಪೆ ಅಂಟಿದ ಮುಳ್ಳು ಒಮ್ಮೆ ನಡುಗಿ ನಿಂತಿತು.
ರುಮ್ದುಲ್ ಆ ಸುಡುವಿಕೆಯಲ್ಲೂ ನಕ್ಕಳು:
'ಕಿಲೋಗೆ ಎಷ್ಟಮ್ಮ ನಾನು?'

ಪಿಸೇತ್ ತನ್ನ ದೋಣಿಯಲ್ಲೇ ನಿಂತು ಹೇಳಿದ್ದ:
ಔಷಧಕ್ಕೆ ವಯಸ್ಸಲ್ಲ, ತೂಕ ಬೇಕು.
ಇವಳಿಗೆ ಐನೂರರ ಪ್ಯಾರಾಸಿಟಮಾಲಿನಲ್ಲಿ ಅರ್ಧ.
ಆರು ಗಂಟೆ ತುಂಬದೆ ಇನ್ನೊಂದಿಲ್ಲ,
ಹಗಲಿರುಳು ಸೇರಿ ನಾಲ್ಕು, ಐದನೆಯದಿಲ್ಲ.
ಬೇರೆ ನೋವಿನ ಮಾತ್ರೆ ಬೇಡ, ಆಸ್ಪಿರಿನ್ ಮುಟ್ಟಲೇಬೇಡ.
ಇದು ಸೊಳ್ಳೆಜ್ವರದ ಕಾಲ,
ಒಳಗೆ ರಕ್ತ ಸೋರಿದರೆ ನಿಲ್ಲುವುದಿಲ್ಲ.

ಅಕ್ಕಿಚೀಲದ ಬೆನ್ನಿಗೆ ಇದ್ದಿಲಲ್ಲಿ ಗಂಟೆಗಳನ್ನು ಬರೆದೆ.
ಓದಿದ್ದು ಮೂರನೇ ತರಗತಿ;
ಅಂಕಿಗಳು ದೋಣಿಗಳ ಹಾಗೆ ವಾಲಿದವು.

ಅತ್ತೆ ನಾಣ್ಯ ಹಿಡಿದು ಬಂದರು, ಮುಲಾಮಿನ ಡಬ್ಬಿಯೊಂದಿಗೆ.
ಮಗುವಿನ ಬೆನ್ನು ಗೀರಬೇಕು, ಗಾಳಿ ಹೊರಗೆ ಹೋಗಬೇಕು,
ಎರಡು ಕಂಬಳಿ ಹೊದಿಸಿ ಬೆವರಿಸಬೇಕು.
ಅವರ ಏಳು ಮಕ್ಕಳು ಬದುಕಿದ್ದು ಆ ನಾಣ್ಯದಲ್ಲೇ.
(ಎಂಟನೆಯದರ ಮಾತು ಯಾರೂ ಎತ್ತುವುದಿಲ್ಲ.)
'ಅತ್ತೆ, ಅವಳ ಮೈಮೇಲೆ ಕೆಂಪು ಚುಕ್ಕೆ ಎದ್ದರೆ
ನನಗೆ ಕಾಣಬೇಕು. ಗೀರಿದರೆ ಹೇಗೆ ಕಂಡೀತು?'
ಅವರ ಕೈ ಗಾಳಿಯಲ್ಲೇ ನಿಂತಿತು.
ರವಿಕೆ ಸರಿಸಿ ಕೂತೆ.
'ನನ್ನ ಬೆನ್ನಿದೆಯಲ್ಲ.'
ಆ ರಾತ್ರಿ ನನಗಿಲ್ಲದ ಜ್ವರಕ್ಕೆ
ಅತ್ತೆ ಅಳುತ್ತಾ ಮದ್ದು ಮಾಡಿದರು.

ಮನೆಯ ಕೆಳಗೂ ನೀರು, ಸುತ್ತಲೂ ನೀರು,
ಕುಡಿಸಲು ಮಾತ್ರ ಕುದಿಸಿ ಆರಿಸಬೇಕು.
ಒಂದು ಪೊಟ್ಟಣ ಉಪ್ಪುಸಕ್ಕರೆಯ ಪುಡಿ ಕದಡಿ
ಚಮಚ ಚಮಚವಾಗಿ ಹಾಕಿದೆ. ಕಕ್ಕಿದಳು.
ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ.
ಎಳನೀರು. ಗಂಜಿಯ ತಿಳಿ.
ಉಗುರುಬೆಚ್ಚಗಿನ ಬಟ್ಟೆ ಕಂಕುಳಿಗೆ, ಕತ್ತಿಗೆ;
ನಡುಗಿದರೆ ತೆಗೆದೆ.
ಹಗಲಲ್ಲೂ ಸೊಳ್ಳೆಪರದೆ.
ನಾವು ಹಲಗೆಯ ಸಂದಿನಿಂದ ಸರೋವರಕ್ಕೇ ಒಂದಕ್ಕೆ ಹೋಗುವವರು;
ಅವಳಿಗೆಂದು ಹಾಲಿನ ಡಬ್ಬಿ ಇಟ್ಟೆ.
ಡಬ್ಬಿ ತುಂಬಿದಷ್ಟೂ ನನಗೆ ಉಸಿರು ಬಂತು.

ನಾಲ್ಕನೆಯ ಬೆಳಗು ಹಣೆ ತಣ್ಣಗಿತ್ತು.
'ಬಿಟ್ಟಿತು!' ಎಂದು ಅತ್ತೆ ಧೂಪ ಹಚ್ಚಿದರು.
ಪಕ್ಕದ ದೋಣಿಮನೆಗೂ ಕೂಗಿ ಹೇಳಿದರು, 'ಬಿಟ್ಟಿತು!'
ನಾನು ಗಂಡನಿಗೆ ಅಂದೆ: 'ಮೋಟರಿಗೆ ಎಣ್ಣೆ ಹಾಕು.'
ಥೋಲ್ ನನ್ನ ಮುಖ ನೋಡಿದ.
ಪಿಸೇತ್ ಹೊರಡುವ ಮುಂಚೆ, ಹಗ್ಗ ಬಿಚ್ಚುತ್ತಾ,
ಒಂದು ಮಾತು ತಗ್ಗಿದ ದನಿಯಲ್ಲಿ ಹೇಳಿದ್ದ:
'ಜ್ವರ ಇರುವಾಗ ಹೆದರು. ಬಿಟ್ಟ ದಿನ ಹೆಚ್ಚು ಹೆದರು.'

ಬಿಡುವುದರಲ್ಲಿ ಎಷ್ಟು ಬಗೆ!
ಹಗ್ಗ ಬಿಟ್ಟರೆ ದೋಣಿ ಹೊರಡುತ್ತದೆ,
ಬಲೆ ಬಿಟ್ಟರೆ ಊಟ,
ಕೈ ಬಿಟ್ಟರೆ?

ಮಧ್ಯಾಹ್ನ ಡಬ್ಬಿ ಒಣಗಿಯೇ ಇತ್ತು.
ಹೊಟ್ಟೆ ಹಿಡಿದುಕೊಂಡು ಮುದುಡಿದಳು.
ಮೂರು ಸಲ ವಾಂತಿ. ಪಾದ ಮೀನಿನಷ್ಟು ತಣ್ಣಗೆ.
'ನಿದ್ದೆ ಮಾಡಲಿ ಬಿಡೆ, ದಣಿದಿದೆ ಮಗು.'
ಬಿಡಲಿಲ್ಲ.

ಎರಡು ಗಂಟೆ ದಾರಿ. ನೀರಹಯಸಿಂತಿನ ಗಂಟು
ಮೋಟರಿಗೆ ಸುತ್ತಿಕೊಂಡಾಗಲೆಲ್ಲ ಥೋಲ್ ನೀರಿಗಿಳಿದು
ಹಲ್ಲಿನಿಂದ ಕಡಿದಂತೆ ಕಿತ್ತ.
ಅತ್ತೆ ಕೂತು ಚಮಚ ಹಿಡಿದಿದ್ದರು,
ನಾಣ್ಯ ಹಿಡಿದಷ್ಟೇ ಭಕ್ತಿಯಿಂದ.
ಅಕ್ಕಿಚೀಲ ನನ್ನ ಮಡಿಲಲ್ಲಿ.

ದಡದ ಆಸ್ಪತ್ರೆಯ ಹುಡುಗಿ ಡಾಕ್ಟರು
ಇದ್ದಿಲ ಗೆರೆಗಳ ಮೇಲೆ ಬೆರಳಿಟ್ಟು ಓದಿದಳು,
ಆಮೇಲೆ ಸೂಜಿ ತೆಗೆದುಕೊಂಡಳು.
'ಸರಿಯಾದ ಹೊತ್ತಿಗೆ' ಎಂದಳು. ಅಷ್ಟೇ ಅಂದಿದ್ದು.
ಬಾಟಲಿಯ ನೀರು ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

ಆರನೆಯ ದಿನ ಮನೆಯಲ್ಲಿ ಮತ್ತೆ ತೂಗಿದೆ.
ಹದಿನಾರೂಕಾಲು.
'ಅಗ್ಗವಾದೆ' ಎಂದಳು ರುಮ್ದುಲ್,
ಹುರಿದ ಮೀನಿನ ತಲೆಗೆ ಕೈಚಾಚುತ್ತಾ.
ನನ್ನ ಬೆನ್ನಿನ ಗೀರುಗಳು ಹಳದಿಗೆ ತಿರುಗುತ್ತಿದ್ದವು.