ಹೆಗಲಿನ ಅಳತೆ

ಬೈಕಲಾ ಬಂಬ್‌ಖಾನಾದ ಎದುರು ಗಲ್ಲಿಯಲ್ಲಿ
ಆರಡಿ ಅಂಗಡಿ ನನ್ನದು. ಒಂದು ಮಶಿನ್ನು, ಒಂದು ಇಸ್ತ್ರಿ,
ಬಾಗಿಲ ತನಕ ಹೊಲಿಯದೆ ಉಳಿದ ಬಟ್ಟೆಯ ಗುಡ್ಡ.
ರಬಕವಿಯಿಂದ ಬಂದವನು, ಇಲ್ಲಿ ಎಲ್ಲರಿಗೂ ಮಾಸ್ತರ.
ಬೆಂಕಿಗೆ ಹೋಗುವವರ ಅಂಗಿ ಹೊಲಿದೇ
ನನ್ನ ಮನೆಯ ಒಲೆ ಉರಿದದ್ದು.

ವಾಮನ ಕರ್ಕೇರ ಮೊದಲ ಸಲ ಬಂದಾಗ
ಕೈಯಲ್ಲಿನ್ನೂ ಇಡ್ಲಿ ಹಿಟ್ಟಿನ ಹುಳಿ.
ಹಗಲು ಕ್ಯಾಂಟೀನು, ಇರುಳು ಫೋರ್ಟಿನ ರಾತ್ರಿಶಾಲೆ,
ಮ್ಯಾಟ್ರಿಕ್ಕು ಎರಡನೇ ಏಟಿಗೆ.
"ಭುಜ ಸ್ವಲ್ಪ ಸಡಿಲ ಇರಲಿ ಮಾಸ್ತರ,
ಪರೀಕ್ಷೆಗೆ ಒಬ್ಬನನ್ನು ಹೊತ್ತು ಓಡಬೇಕಂತೆ."
ಒಂದು ಬೆರಳು ಬಿಟ್ಟೆ.
ಎದೆ ಮೂವತ್ತೆರಡು. ಉಸಿರೆಳೆದರೆ ಮೂವತ್ತನಾಲ್ಕು.
ಹೊರಡುವಾಗ ಇಸ್ತ್ರಿಯ ಪ್ಲಗ್ಗು ನೋಡಿ, "ಇದನ್ನು ಬದಲಾಯಿಸಿ" ಅಂದ.
ಇನ್ನೂ ಸೇರಿಯೇ ಇರಲಿಲ್ಲ, ನೋಡಿ.

ಆಮೇಲೆ ಹತ್ತು ವರ್ಷ ಅವನ ಅಂಗಿ ಬಂದರೆ
ಮಡಿಕೆ ಬಿಚ್ಚುವ ಮೊದಲೇ ಗೊತ್ತು ಎಲ್ಲಿಯ ಬೆಂಕಿಯೆಂದು:
ಮಸೀದಿ ಬಂದರದ್ದಾದರೆ ಮೆಣಸಿನಕಾಯಿ ಘಾಟು,
ರೇ ರೋಡಿನದಾದರೆ ಮರದ ಸಿಹಿ ಹೊಗೆ,
ಧಾರಾವಿಯದು ಮೂರು ಸಲ ಒಗೆದರೂ ಹೋಗದು.
ತೋಳಿಗೆ ಮೊದಲ ಪಟ್ಟಿ ಹೊಲಿದ ದಿನ
ಪೇಡೆ ತಂದ. ಅದಕ್ಕೂ ಹೊಗೆಯ ರುಚಿ.

ನಡುವೆ ನಾಗಪುರಕ್ಕೆ ಹೋದ, ಓದಲು.
ಎರಡು ಮಕ್ಕಳಾದ ಮೇಲೆ ಪುಸ್ತಕ ಹಿಡಿಯುವುದು
ನೀರು ತುಂಬಿದ ಪೈಪು ಹಿಡಿದ ಹಾಗೆ, ಅಂದ,
ಕೈಬಿಟ್ಟರೆ ಅದೇ ಹೊಡೆಯುತ್ತದೆ.
ಬಂದವನ ಹೆಗಲಿಗೆ ಕಾಜಾ ತೆಗೆದೆ.
ನಕ್ಷತ್ರ ಸರಕಾರದ್ದು. ತೂತು ನನ್ನದು.

ಒಂದು. ಎರಡು.
ಮೂರನೆಯದಕ್ಕೆ ಏಳು ವರ್ಷ ಕಾಯಿಸಿದರು.
ಯಾವುದೋ ಕಡತ, ಯಾರದೋ ಸಹಿ, ಯಾರೋ ಕಿರಿಯ ಮುಂದೆ.
ಗಲ್ಲಿಯ ತುದಿಗೆ ನಿಂತು
ಚಹಾ ಪೂರ್ತಿ ಆರಿದ ಮೇಲೆ ಕುಡಿಯುತ್ತಿದ್ದ, ಅಷ್ಟೇ.

ನಾನು ಕಂಡದ್ದು ಬೇರೆ:
ನಕ್ಷತ್ರ ಹೆಚ್ಚಿದಂತೆ ಅಂಗಿಯಲ್ಲಿ ಹೊಗೆ ಕಡಿಮೆ.
ಜೇಬಿಗೆ ಶಾಯಿ, ಮೊಣಕೈಗೆ ಮೇಜಿನ ಸವೆತ.
"ನಮ್ಮದು ಉಲ್ಟಾ ಏಣಿ ಮಾಸ್ತರ.
ಮೇಲೆ ಹೋದಷ್ಟೂ ನೆಲದ ಮೇಲೇ ನಿಲ್ಲಬೇಕು.
ಹೋಗು ಅನ್ನಬೇಕು. ಆಮೇಲೆ ಬಾ ಅನ್ನಬೇಕು.
ಇವೆರಡರ ನಡುವೆ ಎಷ್ಟು ಹೊತ್ತು,
ಅದನ್ನು ನಾಗಪುರದಲ್ಲೂ ಕಲಿಸಲಿಲ್ಲ."

ಒಂದು ದೀಪಾವಳಿ ಕಳೆದ ವಾರ
ಪೊಟ್ಟಣ ತಂದ. ಅಂಗಿ ಅವನದಲ್ಲ.
ಎದೆ ಮೂವತ್ತೆರಡು, ನನ್ನದೇ ಹೊಲಿಗೆ,
ಮಝಗಾಂವಿನ ಹುಡುಗ, ಸಂದೇಶ ತಾಂಡೇಲ.
ಭುಜ ಸಡಿಲ ಇರಲಿ ಅಂದಿದ್ದ ಅವನೂ.
"ಬಡ್ತಿ ಬಂದಿದೆ. ಪಟ್ಟಿ ಹೊಲಿದು ಕೊಡಿ.
ಅವನ ತಾಯಿ ಗೋಡೆಗೆ ಹಾಕ್ತಾರಂತೆ."
ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡನೇ ಜೊತೆ,
ಯಾವ ವಾಸನೆಯೂ ಇರಲಿಲ್ಲ.
ಸೂಜಿಗೆ ದಾರ ಪೋಣಿಸಲು ನನಗಾಗಲಿಲ್ಲ.
ಕರ್ಕೇರನೇ ಪೋಣಿಸಿ ಕೊಟ್ಟ, ಒಂದೇ ಸಲಕ್ಕೆ.
ಆ ಕೈ ನಡುಗದ್ದು ಕಂಡು
ಇವನು ಮುಖ್ಯಸ್ಥನಾಗುತ್ತಾನೆ ಅನ್ನಿಸಿತು.
ಆ ಹೊತ್ತಿನಲ್ಲಿ ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆದ. ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ.
ಹೊಸ ಅಂಗಿ ತೊಟ್ಟು ನೋಡಲು ತಾನೇ ಬಂದ.
ಎದೆ ನಲವತ್ತು. ಉಸಿರೆಳೆದರೂ ನಲವತ್ತು,
ಅಷ್ಟು ವರ್ಷದ ಹೊಗೆ ಒಳಗೆ ಕೂತರೆ ಹಾಗೆಯೇ.
ಹೊರಗೆ ಕಾರು, ಡ್ರೈವರು, ಗಲ್ಲಿಯ ಹುಡುಗರೆಲ್ಲ.
ಕನ್ನಡಿ ಹಿಡಿದೆ. ನೋಡಲಿಲ್ಲ.
ಅವನ ಕಣ್ಣು ಇಸ್ತ್ರಿಯ ಪ್ಲಗ್ಗಿನ ಮೇಲೆ,
ಕರಗಿ ಕಪ್ಪಾದ ಅದರ ಮೂಲೆಯ ಮೇಲೆ,
ಬಾಗಿಲಿಗೆ ಅಡ್ಡ ಬಿದ್ದ ಬಟ್ಟೆಯ ಗುಡ್ಡದ ಮೇಲೆ.
"ಇನ್ನೂ ಅದೇನಾ, ಮಾಸ್ತರ?"
ಅಂಗಿ ಕಳಚಿ ಮೊಳೆಗೆ ತೂಗುಹಾಕಿ
ಬನಿಯನ್ನಿನಲ್ಲೇ ಕುಕ್ಕರುಗಾಲಲ್ಲಿ ಕೂತು
ಸ್ಕ್ರೂಡ್ರೈವರ್ ಕೇಳಿದ.
ಇರಲಿಲ್ಲ. ಕತ್ತರಿ ಚಾಚಿದೆ.
"ಮೊದಲು ಮೇನ್ ಆಫ್ ಮಾಡಿ," ಅಂದ.
ಮಾಡಿದೆ.